ಚಿಕ್ಕಪ್ಪನ ಹೆಸರು ಬಿಚ್ಚಿದ್ದು

ಹೆಂಡತಿಯ ಜೊತೆಗಿನ ವಾದದಲ್ಲಿ ಗೆಲ್ಲಬಾರದು ಅನ್ನುವುದು ಮದುವೆಯಾದ ಎಲ್ಲ ಗಂಡಸರಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೂ ಈ ವರ್ಷ ಬಾಯಿ ತಪ್ಪಿ ಗೆದ್ದುಬಿಟ್ಟೆ. ಅದೂ ಅಂಗಡಿ ತುಂಬ ಗಿರಾಕಿಗಳಿರುವಾಗ, ಫುಟ್‌ಬಾಲಿನ ವಿಷಯದಲ್ಲಿ. ಆ ಗೆಲುವಿನ ಫಲವನ್ನು ಈಗ ಬೆನ್ನು ಬಗ್ಗಿಸಿ ಉಣ್ಣುತ್ತಿದ್ದೇನೆ. (ಬೆನ್ನು ಬಗ್ಗಿಸಿ ಅಂದದ್ದು ಮಾತಿನ ಚಂದಕ್ಕಲ್ಲ. ನಿಜವಾಗಿಯೂ ಬಗ್ಗಿದೆ, ಸಂಜೆ ಹೊತ್ತಿಗೆ ನೋವೂ ಇರುತ್ತದೆ.)

ನನ್ನದು ಟೈಲರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕಟಿಂಗ್ ಟೇಬಲ್ಲಿನ ಹಿಂದೆ ನಿಂತು ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಬಂದವರ ಜೊತೆ ಲೋಕಾಭಿರಾಮ ಮಾತಾಡುವುದು, ಈ ಗುರುತರ ಹೊಣೆಗಾರಿಕೆಗಳೆಲ್ಲ ನನ್ನ ಮೇಲಿದ್ದವು. ಪರದೆಯ ಪಕ್ಕದ ಮೂಲೆಯಲ್ಲಿ ಮೋಟು ಸ್ಟೂಲಿನ ಮೇಲೆ ಕುಳಿತು ಕಾಜಾ ಮಾಡುವುದು, ಗುಂಡಿ ಹಾಕುವುದು, ಅಂಚು ಮಡಚಿ ಹೊಲಿಯುವುದು, ತಪ್ಪಿದ್ದನ್ನು ಬಿಚ್ಚುವುದು, ಇಂಥ ಚಿಲ್ಲರೆ ಕೆಲಸಗಳು ನನ್ನ ಹೆಂಡತಿಯವು. ಚಿಲ್ಲರೆ ಅನ್ನುವ ಮಾತು ನನ್ನದೇ. ಅದನ್ನು ಲಿಖಿತವಾಗಿ ವಾಪಸ್ ತೆಗೆದುಕೊಂಡದ್ದಾಗಿದೆ.

ನಮ್ಮೂರಿಗೊಂದು ಫುಟ್‌ಬಾಲ್ ಕ್ಲಬ್ ಇದೆ. ದೊಡ್ಡ ಕ್ಲಬ್ಬೇನಲ್ಲ, ಅಭಿಮಾನ ಮಾತ್ರ ದೊಡ್ಡದು. ಇಲ್ಲಿನ ಜನ ಕ್ಲಬ್ಬಿನ ಜೆರ್ಸಿಯನ್ನು ಒಂದೇ ಸಲ ಕೊಳ್ಳುತ್ತಾರೆ. ಬೆನ್ನ ಮೇಲೆ ಮೆಚ್ಚಿನ ಆಟಗಾರನ ಹೆಸರು ಇರಲೇಬೇಕು, ಅದೂ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಹೊಲಿದದ್ದಾಗಿರಬೇಕು. ಆ ಆಟಗಾರ ಕ್ಲಬ್ ಬಿಟ್ಟರೆ ಹೊಸ ಜೆರ್ಸಿ ಕೊಳ್ಳುವುದಿಲ್ಲ. ಹಳೆಯದನ್ನೇ ಬಗಲಲ್ಲಿ ಸಿಕ್ಕಿಸಿಕೊಂಡು ನನ್ನ ಅಂಗಡಿಗೆ ಬಂದು, ಆ ಹೆಸರು ಬಿಚ್ಚಿ ಈ ಹೆಸರು ಹಾಕಿ ಅನ್ನುತ್ತಾರೆ. ಕೆಲವು ಜೆರ್ಸಿಗಳ ಬೆನ್ನ ಮೇಲೆ ಏಳೆಂಟು ಆಟಗಾರರು ಬಂದು ಹೋಗಿದ್ದಾರೆ. ಬಟ್ಟೆ ಇನ್ನೂ ಬದುಕಿರುವುದು ಬಿಚ್ಚುವ ಕೈಯಿಂದಾಗಿ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಹೀಗಾಗಿ ವರ್ಷದ ಪಂದ್ಯಗಳು ಮುಗಿದು, ಯಾರನ್ನು ಉಳಿಸಿಕೊಳ್ಳುತ್ತೇವೆ ಎಂದು ಕ್ಲಬ್ಬಿನವರು ಪ್ರಕಟಿಸುವ ದಿನಗಳು ನಮಗೆ ಸುಗ್ಗಿ. ಜೆರ್ಸಿ ತಂದವರು ಕೊಟ್ಟು ಹೋಗುವುದಿಲ್ಲ. ಬೆಂಚಿನ ಮೇಲೆ ಕುಳಿತು ಕ್ಲಬ್ಬಿನ ದುಡ್ಡನ್ನು ತಮ್ಮ ಜೇಬಿನ ದುಡ್ಡಿಗಿಂತ ಹೆಚ್ಚು ಕಾಳಜಿಯಿಂದ ಹಂಚುತ್ತಾರೆ. ಆ ಮಹಾಸಭೆಯ ಅಧ್ಯಕ್ಷ ಪೀಠ ನನ್ನ ಕಟಿಂಗ್ ಟೇಬಲ್.

ಈ ವರ್ಷದ ಪ್ರಶ್ನೆ ಕಠಿಣವಾಗಿತ್ತು. ಇಬ್ಬರ ಒಪ್ಪಂದ ಮುಗಿಯುವುದಿತ್ತು, ಕ್ಲಬ್ಬಿನ ಹತ್ತಿರ ಒಬ್ಬನಿಗೆ ಸಾಕಾಗುವಷ್ಟು ಮಾತ್ರ ಇತ್ತು. ಒಬ್ಬ ಮಿಂಚು. ಬಂದು ಎರಡೇ ವರ್ಷ, ಗೋಲುಗಳಲ್ಲಿ ಅರ್ಧ ಅವನವೇ. ಬೇರೆ ಕ್ಲಬ್ಬಿನವರು ಅವನ ಹಿಂದೆ ಬಿದ್ದಿದ್ದರು. ಇನ್ನೊಬ್ಬ ಚಿಕ್ಕಪ್ಪ. ಎಡಬದಿಯ ಡಿಫೆಂಡರ್. ಅವನಿಗೆ ತಲೆತುಂಬ ಕೂದಲಿದ್ದ ಕಾಲದಿಂದಲೂ ಅದೇ ಜಾಗದಲ್ಲಿ ನಿಂತಿದ್ದಾನೆ. ಹುಡುಗರಿಂದ ಮುದುಕರವರೆಗೆ ಎಲ್ಲರೂ ಅವನನ್ನು ಚಿಕ್ಕಪ್ಪ ಅಂತಲೇ ಕೂಗುತ್ತಾರೆ.

"ಮಿಂಚು ಹೋದ್ರೆ ಗೋಲು ಯಾರು ಹೊಡೀತಾರೆ? ನೀವು ಹೊಡೀತೀರಾ?" ಅಂತ ಹಲ್ಲಿನ ಡಾಕ್ಟರು ಕೇಳಿದರು.

"ಚಿಕ್ಕಪ್ಪ ಹೋದ್ರೆ ಗೋಲು ಯಾರು ತಡೀತಾರೆ? ನೀವು ತಡೀತೀರಾ?" ಅಂದರು ಪೋಸ್ಟ್‌ಮ್ಯಾನ್. "ಇಷ್ಟು ವರ್ಷ ದುಡಿದಿದಾನೆ. ಬೇರೆ ಕಡೆ ಹೆಚ್ಚಿಗೆ ಕೊಡ್ತೀವಿ ಅಂದಾಗಲೂ ಹೋಗಲಿಲ್ಲ."

"ಹೋಗಬೇಕಿತ್ತು. ಯಾರು ಬೇಡ ಅಂದಿದ್ರು?" ಅಂದರು ಡಾಕ್ಟರು.

ನನ್ನ ಭಾವಮೈದುನ ಬಸ್ ಕಂಡಕ್ಟರು. ಎರಡು ಟ್ರಿಪ್ಪುಗಳ ನಡುವೆ ಬಂದು ಕೂರುವುದು ಅವನ ರೂಢಿ. ಯಾವ ಪಕ್ಷದಲ್ಲಿ ಜನ ಕಡಿಮೆ ಇದ್ದಾರೋ ಆ ಪಕ್ಷ ಸೇರುವುದೂ ಅವನ ರೂಢಿಯೇ. "ಇಬ್ಬರಿಗೂ ಅರ್ಧರ್ಧ ಕೊಟ್ರೆ?" ಅಂದ. ಅವನ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ.

ಆಗ ನಾನು ಕತ್ತರಿ ಕೆಳಗಿಟ್ಟೆ. ಕತ್ತರಿ ಕೆಳಗಿಟ್ಟೆನೆಂದರೆ ಪ್ರವಚನ ಶುರು ಅಂತ ಅರ್ಥ.

"ನೋಡಿ, ಸಂಬಳ ಅನ್ನೋದು ಉಪಕಾರ ಸ್ಮರಣೆ ಅಲ್ಲ. ಬೇರೆಯವರು ಯಾರನ್ನ ಕೇಳ್ತಾರೋ ಅವರಿಗೆ ದುಡ್ಡು ಕೊಟ್ಟು ಇಟ್ಕೋಬೇಕು. ಯಾರೂ ಕೇಳದೇ ಇದ್ದೋರು ಎಲ್ಲಿಗೆ ಹೋಗ್ತಾರೆ? ಅವರಿಗ್ಯಾಕೆ ಕೊಡಬೇಕು?"

ಡಾಕ್ಟರು ತಲೆದೂಗಿದರು. ಆಗ ಸ್ಟೂಲಿನ ಕಡೆಯಿಂದ ದನಿ ಬಂತು.

"ಮಿಂಚು ಗೋಲು ಹೊಡೆದಾಗ ನೀವೆಲ್ಲ ಎದ್ದು ನಿಲ್ತೀರಿ, ಸರಿ. ಎಡಗಡೆಯಿಂದ ಗೋಲು ಆಗದೇ ಇದ್ದಾಗ ಯಾವತ್ತಾದ್ರೂ ಎದ್ದು ನಿಂತಿದ್ದೀರಾ?"

"ಆಗದೇ ಇದ್ದದ್ದಕ್ಕೆಲ್ಲ ಎದ್ದು ನಿಂತ್ರೆ ಕೂರೋಕೆ ಪುರುಸೊತ್ತೆಲ್ಲಿ ಸಿಗುತ್ತೆ ಕಣೇ?" ಅಂದೆ. ಬೆಂಚು ಇಡಿಯಾಗಿ ನಕ್ಕಿತು. ಪೋಸ್ಟ್‌ಮ್ಯಾನ್ ಕೂಡ ನಕ್ಕರು. ನಗು ನನ್ನ ತಲೆಗೇರಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಅದು ಬರೀ ನಿಲ್ಲೋ ಕೆಲಸ. ಯಾರನ್ನ ನಿಲ್ಲಿಸಿದ್ರೂ ಆಗುತ್ತೆ. ಈಗ ನಮ್ಮ ಅಂಗಡಿಯನ್ನೇ ತಗೋ. ಕತ್ತರಿಸೋಕೆ ಇನ್ನೊಬ್ಬ ಸಿಗ್ತಾನಾ? ಬಿಚ್ಚೋಕೆ ಯಾರಾದ್ರೂ ಸಿಗ್ತಾರಪ್ಪ."

ಬೆಂಚು ಇನ್ನೊಮ್ಮೆ ನಕ್ಕಿತು. ಅವಳು ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು. ಭಾವಮೈದುನ ಮಾತ್ರ ಫ್ಯಾನ್ ನೋಡುತ್ತ ಕುಳಿತಿದ್ದ. ಫ್ಯಾನ್ ತಿರುಗುತ್ತಿರಲಿಲ್ಲ.

ಕ್ಲಬ್ಬಿನವರು ಮಿಂಚುವನ್ನು ಉಳಿಸಿಕೊಂಡರು. ಚಿಕ್ಕಪ್ಪನಿಗೆ ಧನ್ಯವಾದ ಹೇಳಿದರು. ನಾನು ಸ್ವತಃ ಕ್ಲಬ್ ನಡೆಸಿದವನ ಗತ್ತಿನಲ್ಲಿ ಎಲ್ಲರಿಗೂ ಟೀ ತರಿಸಿದೆ.

ಮರುದಿನ ಬೆಳಿಗ್ಗೆ ಹೆಂಡತಿ ಹೊರಗೆ ಹೋಗುವ ಸೀರೆ ಉಟ್ಟು, ಚೀಲ ಹೆಗಲಿಗೇರಿಸಿ ನಿಂತಿದ್ದಳು.

"ಎಲ್ಲಿಗೆ?" ಅಂದೆ.

"ಯೂನಿಫಾರ್ಮ್ ಫ್ಯಾಕ್ಟರಿಗೆ. ತಪ್ಪು ಹೊಲಿಗೆ ಬಿಚ್ಚಿ ಸರಿಮಾಡೋ ವಿಭಾಗಕ್ಕೆ ಮೇಲ್ವಿಚಾರಕಿ ಬೇಕಂತೆ. ಬನ್ನಿ ಬನ್ನಿ ಅಂತ ಬಹಳ ದಿನದಿಂದ ಕರೀತಿದ್ರು. ಒಂದು ವಾರ ನೋಡಿ ಬರ್ತೀನಿ."

"ನನಗೆ ಹೇಳಲೇ ಇಲ್ಲ."

"ಏನಂತ ಹೇಳ್ಲಿ? ಬೇರೆಯವರು ಕೇಳಿದ್ರೇನೇ ಬೆಲೆ ಅಂತ ನನಗೆ ಮೊನ್ನೆ ತಾನೆ ಗೊತ್ತಾಯ್ತು." ಚಪ್ಪಲಿ ಮೆಟ್ಟಿಕೊಳ್ಳುತ್ತ, "ಅಕ್ಕಪಕ್ಕ ವಿಚಾರಿಸಿ. ಬಿಚ್ಚೋಕೆ ಯಾರಾದ್ರೂ ಸಿಗ್ತಾರೆ" ಅಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಮಾಧಾನ ಮಾಡಿ ಅಭ್ಯಾಸವಿತ್ತು.

ಯಾರೂ ಸಿಗಲಿಲ್ಲ. ಒಬ್ಬಳು ಬಂದಳು, ರಾಶಿ ನೋಡಿದಳು, ನೀರು ಕೇಳಿ ಕುಡಿದು ಹೋದಳು. ಕೊನೆಗೆ ನಾನೇ ಸ್ಟೂಲಿನ ಮೇಲೆ ಕುಳಿತೆ. ಹೊಲಿಗೆ ಬಿಚ್ಚುವುದು ಅಂದರೆ ದಾರ ಎಳೆಯುವುದು ಅಂದುಕೊಂಡಿದ್ದೆ. ಎಳೆದರೆ ದಾರದ ಜೊತೆ ಬಟ್ಟೆಯೂ ಬರುತ್ತದೆ ಅನ್ನುವುದು ಪೋಸ್ಟ್‌ಮ್ಯಾನ್ ಜೆರ್ಸಿಯಲ್ಲಿ ಗೊತ್ತಾಯಿತು. ಜೆರ್ಸಿಯ ಬಟ್ಟೆ ಬಲೆಯಂಥದ್ದು, ಒಂದು ಎಳೆ ಕಡಿದರೆ ಸೊಂಟದವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಒಳಗಿನಿಂದ ಬಿಡಿಸಬೇಕೋ ಹೊರಗಿನಿಂದಲೋ, ಮೊದಲು ನೆನೆಸಬೇಕೋ ಬೇಡವೋ, ಯಾವುದೂ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ, ಒಂದು ದಿನವೂ ಆ ಕಡೆ ನೋಡಿರಲಿಲ್ಲ.

ಅವಳು ಸಂಜೆ ಮನೆಗೆ ಬರುತ್ತಿದ್ದಳು. ಅಂಗಡಿಗೆ ಬರುತ್ತಿರಲಿಲ್ಲ. ನಡುವೆ ಇದ್ದದ್ದು ಒಂದು ಪರದೆ ಅಷ್ಟೆ, ಅದನ್ನು ಸರಿಸಿ ಕರೆಯಲು ನನಗೆ ಬಾಯಿ ಬರಲಿಲ್ಲ. "ಬೆನ್ನು ಒರಗಿಸೋ ಕುರ್ಚಿ ಕೊಟ್ಟಿದಾರೆ ರೀ" ಅಂತ ಸಂತೋಷದಿಂದ ಹೇಳಿದಳು. ಅವಳು ಇಲ್ಲದ ಅಂಗಡಿ ಬೇಡವೆನಿಸುತ್ತಿತ್ತು. ಹಾಗಂತ ಹೇಳಿಬಿಟ್ಟಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತೇನೋ.

ವಾರ ಮುಗಿಯುವ ಹೊತ್ತಿಗೆ ಒಬ್ಬ ಎತ್ತರದ ಮನುಷ್ಯ ತಲೆ ಬಗ್ಗಿಸಿ ಅಂಗಡಿಯೊಳಗೆ ಬಂದ. ಚಿಕ್ಕಪ್ಪ. ಕೈಯಲ್ಲಿ ಒಗೆದು ಇಸ್ತ್ರಿ ಮಾಡಿದ ಜೆರ್ಸಿ.

"ಮಾಸ್ಟರೇ, ಕ್ಲಬ್ಬಿಗೆ ಇದನ್ನ ವಾಪಸ್ ಕೊಡಬೇಕು. ಹೆಸರು ತೆಗೆದು ಕೊಡಿ ಅಂದಿದಾರೆ. ಮುಂದೆ ಯಾರೋ ಹುಡುಗ ಹಾಕ್ಕೋತಾನಂತೆ." ಸ್ಟೂಲಿನ ಕಡೆ ನೋಡಿ, "ಅಕ್ಕ ಇಲ್ವಾ?" ಅಂದ.

ಇಲ್ಲ ಅಂದೆ. ಅವನು ಬೆಂಚಿನ ಮೇಲೆ ಕುಳಿತ. ಅದೇ ಬೆಂಚು. ಅಲ್ಲಿ ಕುಳಿತವರನ್ನು ನಗಿಸುವುದಕ್ಕಾಗಿ ನಾನು ಇವನನ್ನು ಮನೆಗೆ ಕಳಿಸಿದ್ದೆ. ಹಾಳಾದ ನಾಚಿಕೆ, ಬರಬೇಕಾದಾಗ ಬರದೆ ಈಗ ಬಂದು ಕೂತಿತು.

"ಮುಂದೇನು ಯೋಚನೆ?" ಅಂದೆ, ಏನಾದರೂ ಅನ್ನಬೇಕಲ್ಲ ಎಂದು.

"ಯಾರೂ ಕೇಳಿಲ್ಲ ಇನ್ನೂ" ಅಂದ. ದೂರಿನ ಹಾಗಿರಲಿಲ್ಲ. ಆಕಾಶ ಮೋಡ ಹಾಕಿದೆ ಅನ್ನುವ ಹಾಗೆ ಇತ್ತು.

ನಾನು ಜೆರ್ಸಿ ಮಡಿಲಿಗೆ ಎಳೆದುಕೊಂಡು ತಲೆ ಎತ್ತದೆ ಬಿಚ್ಚತೊಡಗಿದೆ. ಮೂರನೆಯ ಅಕ್ಷರದ ಹತ್ತಿರ ಚರ್ರೆಂದು ಸದ್ದಾಯಿತು. ಎತ್ತಿ ಹಿಡಿದು ನೋಡಿದರೆ ಬೆನ್ನಿನ ನಡುವೆ ಅಂಗೈ ಅಗಲದ ತೂತು, ಅದರಾಚೆ ಚಿಕ್ಕಪ್ಪನ ಮುಖ. ನೆಲ ಬಾಯಿ ಬಿಡಬಾರದೇ ಅನಿಸಿತು.

ಅವನು ಎದ್ದು ಬಂದು ಜೆರ್ಸಿಯನ್ನು ತಿರುಗಿಸಿ ನೋಡಿದ. ನಿಧಾನವಾಗಿ ಮಡಚಿದ.

"ಹರಿದದ್ದನ್ನ ಕ್ಲಬ್ಬಿನವರು ತಗೊಳಲ್ಲ" ಅಂದ. "ಇನ್ನು ನಾನೇ ಇಟ್ಕೋಬಹುದು." ಅವನ ಮುಖ ಅರಳಿತ್ತು. ನನ್ನ ಕೈ ಹಿಡಿದು, "ಬೇಕು ಅಂತಲೇ ಮಾಡಿದ್ರಾ ಮಾಸ್ಟರೇ?" ಅಂತ ಕೇಳಿದ.

ಇಲ್ಲ ಅನ್ನಬೇಕಿತ್ತು. "ಏನೋ, ನಮ್ಮ ಕೈಲಾದದ್ದು" ಅಂದೆ. (ಇಂಥ ಗಳಿಗೆಯಲ್ಲೂ ಹೆಸರು ಗಿಟ್ಟಿಸುವವನನ್ನು ಏನನ್ನಬೇಕೋ ನೀವೇ ಅನ್ನಿ.)

ಅವನು ಹೋದ ಮೇಲೆ ಪರದೆ ಸರಿಸಿ ಅಡುಗೆಮನೆಗೆ ಹೋಗಿ ಕುಳಿತೆ. ಹೆಂಡತಿ ಫ್ಯಾಕ್ಟರಿಯಿಂದ ಬಂದ ತಕ್ಷಣ, ಬೇಸರವಾಗುವಷ್ಟು ವಿನಯದಿಂದ, "ವಾಪಸ್ ಬಾರೇ" ಅಂದೆ.

"ನನ್ನ ಕಡೆಯಿಂದ ತಮ್ಮ ಮಾತಾಡ್ತಾನೆ" ಅಂದಳು.

ಬಾಗಿಲಲ್ಲಿ ಭಾವಮೈದುನ ನಿಂತಿದ್ದ, ಯೂನಿಫಾರ್ಮಿನಲ್ಲೇ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದವರನ್ನು ನೋಡುವ ನೋಟದಿಂದ ನನ್ನನ್ನು ನೋಡಿದ.

"ಭಾವ, ಫ್ಯಾಕ್ಟರಿಯವರು ಅಕ್ಕನಿಗೆ ಒಳ್ಳೆ ಸಂಬಳ ಹೇಳಿದಾರೆ. ಭಾನುವಾರ ರಜೆ. ಒರಗೋ ಕುರ್ಚಿ. ನೀವೇನು ಕೊಡ್ತೀರಿ?"

"ಅಂಗಡಿಯೇ ಅವಳದಲ್ಲವೇನೋ?"

"ಹಾಗಂತ ಚಿಕ್ಕಪ್ಪನಿಗೂ ಹೇಳಿದ್ರಂತೆ, ಕ್ಲಬ್ಬೇ ನಿನ್ನದು ಅಂತ."

ಅದೇ ಸಂಬಳ ಕೊಡಲು ಒಪ್ಪಿದೆ. ರಜೆ ಒಪ್ಪಿದೆ. ಕುರ್ಚಿ ಒಪ್ಪಿದೆ. ಚಿಲ್ಲರೆ ಅನ್ನುವ ಮಾತನ್ನು ಕಾಗದದ ಮೇಲೆ ಬರೆದು ವಾಪಸ್ ತೆಗೆದುಕೊಂಡೆ. ಒಬ್ಬ ಆಟಗಾರ್ತಿಯನ್ನು ಉಳಿಸಿಕೊಂಡ ಹೆಮ್ಮೆಯಿಂದ ಬೆವರು ಒರೆಸಿಕೊಂಡೆ. ಆಗ ಅವಳು ತಾನೇ ಬಾಯಿಬಿಟ್ಟಳು.

"ರೀ, ನನಗೆ ಅಷ್ಟು ಕೊಟ್ಟ ಮೇಲೆ ಅಂಗಡಿಯಲ್ಲಿ ಇನ್ನೊಬ್ಬರಿಗೆ ಸಂಬಳ ಉಳಿಯಲ್ಲ."

"ಇನ್ನೊಬ್ಬರು ಯಾರು?"

ಅಕ್ಕ ತಮ್ಮ ಇಬ್ಬರೂ ನನ್ನನ್ನೇ ನೋಡಿದರು.

"ಭಾವ, ತಪ್ಪು ತಿಳ್ಕೋಬೇಡಿ" ಅಂದ ಅವನು, ನಿಜವಾದ ಕನಿಕರದಿಂದ. "ನಿಮ್ಮನ್ನ ಬೇರೆ ಕಡೆಯಿಂದ ಯಾರಾದ್ರೂ ಕೇಳಿದಾರಾ?"

ನಾನು ಯೋಚಿಸಿದೆ. ಪ್ರಾಮಾಣಿಕವಾಗಿ, ಬಹಳ ಹೊತ್ತು ಯೋಚಿಸಿದೆ. ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತು.

ಅವಳೇ ಒಲೆ ಆರಿಸಿ ಬಂದಳು. "ಇರ್ಲಿ ಬಿಡಿ. ಯಾರೂ ಕೇಳಿಲ್ಲ ಅಂತ ನಾನು ಯಾರನ್ನೂ ಕಳಿಸಲ್ಲ" ಅಂದಳು. ಎದೆ ಹಗುರಾಯಿತು, ಕಣ್ಣೂ ಒಂಚೂರು ಒದ್ದೆಯಾಯಿತು. "ಆದ್ರೆ ಒಂದೇ ವರ್ಷದ ಒಪ್ಪಂದ. ಜಾಗವೂ ಬದಲಾಗುತ್ತೆ."

ಈಗ ಕಟಿಂಗ್ ಟೇಬಲ್ ಅವಳದು. ಅಳತೆಯನ್ನೂ ಅವಳೇ ತೆಗೆಯುತ್ತಾಳೆ. ಕತ್ತರಿಸುವುದನ್ನು ಯಾವಾಗ ಕಲಿತೆ ಅಂತ ಕೇಳಿದ್ದಕ್ಕೆ, "ನೀವು ಕತ್ತರಿಸಿದ್ದನ್ನ ಸರಿಮಾಡಿ ಸರಿಮಾಡಿ ಬಂತು" ಅಂದಳು. ನಾನು ಮೋಟು ಸ್ಟೂಲಿನ ಮೇಲೆ ಕುಳಿತು ಹೆಸರು ಬಿಚ್ಚುತ್ತೇನೆ. (ಒರಗುವ ಕುರ್ಚಿ ಒಪ್ಪಂದದ ಪ್ರಕಾರ ಟೇಬಲ್ಲಿನ ಹಿಂದೆ ಇದೆ.) ಕೈ ಪಳಗುತ್ತಿದೆ. ಹಲ್ಲಿನ ಡಾಕ್ಟರ ಜೆರ್ಸಿಯ ಮೇಲೆ ನಿನ್ನೆ ಅರ್ಧ ದಿನ ಕೂತೆ. ಒಂದೊಂದೇ ಎಳೆ, ಉಸಿರು ಬಿಗಿಹಿಡಿದು. ಅಲ್ಲಿ ಎಂದಾದರೂ ಒಂದು ಹೆಸರಿತ್ತು ಅಂತ ಯಾರೂ ಹೇಳಲಾರರು, ಹಾಗೆ ಬಿಚ್ಚಿದ್ದೆ. ಇಷ್ಟು ಒಳ್ಳೆಯ ಕೆಲಸವನ್ನು ಜನ್ಮದಲ್ಲಿ ಮಾಡಿರಲಿಲ್ಲ.

ಡಾಕ್ಟರು ಇವತ್ತು ಬಂದರು. ಜೆರ್ಸಿಯನ್ನು ಬೆಳಕಿಗೆ ಹಿಡಿದು, ಬೆರಳಾಡಿಸಿ, ಮತ್ತೆ ಬೆಳಕಿಗೆ ಹಿಡಿದರು. "ಎಂಥ ಕೆಲಸ ಮಾಸ್ಟರೇ" ಅಂದರು, ಅವಳಿಗೆ.

ಅವಳು ಟೇಪನ್ನು ಕೊರಳಿಗೆ ಸರಿಯಾಗಿ ಹಾಕಿಕೊಂಡು, "ಏನೋ, ನಮ್ಮ ಕೈಲಾದದ್ದು" ಅಂದಳು. ನಾನು ಸ್ಟೂಲಿನ ಮೇಲಿಂದ ಒಂದು ಸಲ ಕೆಮ್ಮಿದೆ. ಸ್ವಲ್ಪ ತಾಳಿ ಇನ್ನೊಂದು ಸಲ ಕೆಮ್ಮಿದೆ. ಅವರಿಬ್ಬರೂ ಮಿಂಚುವಿನ ವಿಷಯ ಮಾತಾಡುತ್ತಿದ್ದರು.