ಗುರುತು ಹಾಕದ ಪುಟ

ಎಲ್ಲೋ ಏನೋ ಅಚ್ಚಾಗಿದೆ, ಊರೆಲ್ಲ ಓದಿದೆ, ನಾನೊಬ್ಬ ಮಾತ್ರ ಓದಿಲ್ಲ ಎಂಬ ಭಯಕ್ಕೆ ಯಾವ ಡಾಕ್ಟರ ಬಳಿಯೂ ಮಾತ್ರೆಯಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಈ ಕಾಯಿಲೆ ನನಗೆ ಜೋರಾಗಿಯೇ ಹಿಡಿದಿತ್ತು. ಮನೆ ಶಿಕಾರಿಪುರದಲ್ಲಿ, ಗುಮಾಸ್ತಿಕೆ ಸೊರಬದಲ್ಲಿ. ದಿನಾ ಬಸ್ಸಿನಲ್ಲಿ ಕುಲುಕಾಡಿ ಸೊಂಟ ಸವೆದಿದ್ದರೂ ಆರು ವಾರಪತ್ರಿಕೆಗಳ ಧಾರಾವಾಹಿ, ಅಂಕಣ, ಚುಟುಕ, ಯಾವುದನ್ನೂ ಬಿಡಲು ಮನಸ್ಸಿಲ್ಲ.

ಮೊದಲು ಎಲ್ಲವನ್ನೂ ಕೊಂಡೇ ಓದಿದೆ. ಮಂಚದ ಕೆಳಗೆ ಜಾಗ ಸಾಲದೆ ಪತ್ರಿಕೆಗಳು ಮಂಚದ ಮೇಲಕ್ಕೆ ಬಂದ ದಿನ ನನ್ನ ಹೆಂಡತಿ ಗಿರಿಜೆ, "ರೀ, ಇನ್ನು ಇಲ್ಲಿ ಮಲಗೋದು ಇವೋ, ನಾವೋ?" ಎಂದಳು. ಆಮೇಲೆ ಬಷೀರ್ ಸಾಹೇಬರ ಸರ್ಕ್ಯುಲೇಟಿಂಗ್ ಲೈಬ್ರರಿ ಸೇರಿದೆ. ಅವರು ಸೈಕಲ್ಲಿನಲ್ಲಿ ದಿನಕ್ಕೊಂದು ಪತ್ರಿಕೆ ತಂದುಕೊಟ್ಟು ಮರುದಿನ ಒಯ್ಯುತ್ತಿದ್ದರು. ನಾನು ಊಟ ಮುಗಿಸಿ ಪುಟ ತೆರೆಯುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಇನ್ನೊಂದು ದಿನ ಬಿಡಿ ಎಂದರೆ, "ಆಗಂಗಿಲ್ರೀ ಸಾರ್, ಮುಂದಿನ ಮನೆಯೋರು ಬಾಗಿಲಲ್ಲೇ ನಿಂತಿರ್ತಾರೆ" ಎನ್ನುತ್ತಿದ್ದರು.

ಸಹೋದ್ಯೋಗಿ ರುದ್ರಪ್ಪನವರನ್ನೂ ನಂಬಿ ನೋಡಿದೆ. ಎಲ್ಲವನ್ನೂ ಓದುವ ಅವರು ಬಸ್ಸಿನಲ್ಲಿ ನನಗೆ ಕಥೆ ಹೇಳುತ್ತಿದ್ದರು. ಒಂದು ಧಾರಾವಾಹಿಯಲ್ಲಿ ಸತ್ತ ಅತ್ತೆಯನ್ನು ಅವರು ಇನ್ನೊಂದರ ಸೀಮಂತಕ್ಕೆ ಕರೆತಂದ ದಿನ ಆ ಪ್ರಯೋಗವೂ ಮುಗಿಯಿತು.

ಕೊನೆಗೆ ಗಿರಿಜೆಯೇ, "ಮಧ್ಯಾಹ್ನ ನಾನು ಓದಿ, ಚೆನ್ನಾಗಿದ್ದಕ್ಕೆ ಪೆನ್ಸಿಲ್ ಗುರುತು ಹಾಕಿಡ್ತೀನಿ. ನೀವು ಅಷ್ಟೇ ಓದಿ" ಎಂದಳು. ಎಂಥ ಸುಖ! ವಾರ ಕಳೆದಂತೆ ಗುರುತುಗಳು ಕಡಿಮೆಯಾದವು, ನನ್ನ ನಿದ್ದೆ ಹೆಚ್ಚಾಯಿತು.

ಒಂದು ಸೋಮವಾರ ಕಚೇರಿಯಲ್ಲಿ ಟೈಪಿಸ್ಟ್ ಸರೋಜಮ್ಮ, "ನಿಮ್ಮನೆಯೋರು ಬರೆದಿದ್ದು ಓದಿದೆ ರೀ. ಕಣ್ಣಲ್ಲಿ ನೀರು ಬಂತು" ಎಂದರು. ಎಲ್ಲ ಗೊತ್ತಿರುವವನಂತೆ ತಲೆಯಾಡಿಸಿದೆ. ಯಾವ ಪತ್ರಿಕೆ ಎಂದು ಕೇಳಲು ಮುಖವಿರಲಿಲ್ಲ. ಸಂಜೆ ಮನೆಗೆ ಬಂದವನೇ, "ಗುರುತು ಯಾಕೆ ಹಾಕಲಿಲ್ಲ?" ಎಂದು ರೇಗಿದೆ.

"ನಂದಕ್ಕೆ ನಾನೇ ಎಂತ ಗುರುತು ಹಾಕೋದು? ಆ ಪುಟ ತೆಗೆದೇ ನಿಮ್ಮ ಮುಂದೆ ಇಟ್ಟಿದ್ದೆ. ಗುರುತಿಲ್ಲ ಅಂತ ಮಗುಚಿ ಮಲಗಿದ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ರಜೆ ಹಾಕಿ ಬಷೀರ್ ಸಾಹೇಬರ ಸೈಕಲ್ಲಿನ ಹಿಂದೆ ಮನೆ ಮನೆ ಅಲೆದೆ. ನಾಲ್ಕನೆಯ ಮನೆಯಲ್ಲಿ ಪತ್ರಿಕೆ ಸಿಕ್ಕಿತು. ಅಪರಿಚಿತರ ಜಗಲಿಯಲ್ಲಿ ನಿಂತೇ ಓದಿದೆ. ಅವಳ ತವರೂರು ಜಡೆಯಲ್ಲಿ ಅಪ್ಪನಿಗೊಂದು ಅಂಗಡಿಯಿತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ಅದರ ಮುಂದೆ ಕೂತು, ಅಕ್ಷರ ಬಾರದ ಹೆಂಗಸರಿಗೆ ದಿನಾ ಪತ್ರಿಕೆ ಓದಿ ಹೇಳುತ್ತಿದ್ದಳಂತೆ. ಮದುವೆಯಾಗಿ ಹೊರಟಾಗ ಅವರೆಲ್ಲ, "ಇನ್ನು ನಮಗೆ ಓದೋರು ಯಾರವ್ವಾ?" ಎಂದು ಅತ್ತರಂತೆ. ಹನ್ನೊಂದು ವರ್ಷ ಸಂಸಾರ ಮಾಡಿದ ನನಗೆ ಇದು ಹೊಸ ಸುದ್ದಿ. ಓದಿ ಮುಗಿದ ಮೇಲೂ ಪತ್ರಿಕೆ ಹಿಂತಿರುಗಿಸಲು ಕೈ ಬರಲಿಲ್ಲ.

ಮನೆಗೆ ಬಂದು, "ಓದಿದೆ" ಎಂದೆ.

"ಹೆಂಗಿತ್ತು?" ಎಂದಳು, ಅಕ್ಕಿ ಆರಿಸುತ್ತ, ತಲೆಯೆತ್ತದೆ.

ಇಷ್ಟು ವರ್ಷ ಅಷ್ಟೆಲ್ಲ ಓದಿ ಗುಡ್ಡೆ ಹಾಕಿದ ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: "ಇನ್ನೊಂದು ಸ್ವಲ್ಪ ಉದ್ದ ಇರಬಹುದಿತ್ತು."

"ಇತ್ತು" ಎಂದಳು ಗಿರಿಜೆ. "ಉದ್ದ ಇದ್ರೆ ನೀವು ಓದಲ್ಲ ಅಂತ ನಾನೇ ಹೊಡೆದುಹಾಕಿದೆ."