ಆವಿಯಾಡುವ ಚರಟದ ಗುಡ್ಡೆ

ಹಾಲಕ್ಕನ ಕೊಟ್ಟಿಗೆಯ ಪಕ್ಕದ ಗೊಬ್ಬರದ ಗುಡ್ಡೆಯಿಂದ ಆವಿ ಏಳುತ್ತಿರುವುದನ್ನು ಆ ಬೆಳಿಗ್ಗೆ ಮೊದಲು ಕಂಡವನು ಗುಮಾಸ್ತ. ಕಂಡೂ ಕಾಣದವನಂತೆ ತಲೆ ತಗ್ಗಿಸಿ ನಡೆದವನೂ ಅವನೇ.

ಪಕ್ಕದ ಬಿಯರ್ ಕಾರ್ಖಾನೆಯ ಹಿತ್ತಲಲ್ಲಿ ಅವನ ಮೇಜು ಹಾಕಿ ಒಂಬತ್ತು ವರ್ಷವಾಗಿತ್ತು. ಬಾರ್ಲಿ ಬೇಯಿಸಿ ರಸ ಬಸಿದ ಮೇಲೆ ಉಳಿಯುವ ಚರಟವನ್ನು ದಿನಾ ಸಾಗಹಾಕುವುದು ಅವನ ಕೆಲಸ. ಬಿಸಿಯಾಗಿದ್ದಾಗ ಚರಟದ್ದು ಒಳ್ಳೆಯ ವಾಸನೆಯೇ. ಎರಡು ದಿನ ಬಿಟ್ಟರೆ ಮಾತ್ರ ಮೂಗು ಮುಚ್ಚಿಕೊಂಡು ಓಡಬೇಕು. ಆ ಹುಳಿನಾತ ಅವನ ಅಂಗಿಗೆ ಹತ್ತಿ, ಅಂಗಿಯಿಂದ ಮನೆಗೆ ಹತ್ತಿ, ಹೆಂಡತಿ ಅವನ ತಟ್ಟೆಯನ್ನು ಹಿಂಬಾಗಿಲ ಹತ್ತಿರ ಇಡತೊಡಗಿ ಎಷ್ಟೋ ಕಾಲವಾಗಿತ್ತು. ಈಗ ಕಾರ್ಖಾನೆಯ ಮೊದಲ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿಯೊಂದು ಖಾಲಿಯಾಗಿತ್ತು. "ಶುಕ್ರವಾರದವರೆಗೆ ಚರಟದ ಬಗ್ಗೆ ಒಂದೇ ಒಂದು ದೂರು ಬರದಿದ್ರೆ ಆ ಕುರ್ಚಿ ನಿಮ್ದು" ಎಂದು ಮ್ಯಾನೇಜರು ಬಾಯಿಬಿಟ್ಟು ಹೇಳಿದ್ದರು. ಇವತ್ತೇ ಶುಕ್ರವಾರ.

ಚರಟವನ್ನು ದನದ ಮೇವಿಗೆಂದು ಒಯ್ಯುತ್ತಿದ್ದ, ಯಾವತ್ತೂ ಕೈಕೊಡದ ಲಾರಿ ಈ ವಾರವೇ ಅಚ್ಚು ಮುರಿದುಕೊಂಡು ಮಲಗಿತ್ತು. ದಿಕ್ಕು ತೋಚದೆ ಗುಮಾಸ್ತ ಹಾಲಕ್ಕನ ಹತ್ತಿರ ಹೋಗಿದ್ದ.

"ತಂದು ಹಾಕಪ್ಪ, ನನ್ನ ಸಗಣಿ ಗೊಬ್ಬರದ ಜೊತೆ ಬೆರೀಲಿ" ಎಂದಿದ್ದಳು ಆಕೆ. "ಆದ್ರೆ ಒಣಹುಲ್ಲು ಧಾರಾಳವಾಗಿ ಸೇರಿಸ್ಬೇಕು, ದಿನ ಬಿಟ್ಟು ದಿನ ತಿರುವಿ ಹಾಕ್ಬೇಕು. ಅದಕ್ಕೂ ಉಸಿರಾಡೋಕೆ ಗಾಳಿ ಬೇಕು."

ಚರಟವನ್ನು ಅವನು ತಂದು ಸುರಿದ. ಹುಲ್ಲನ್ನು ಶಾಸ್ತ್ರಕ್ಕೆ ಉದುರಿಸಿದ. ಗುಡ್ಡೆ ತಿರುವುವುದು ಮಾತ್ರ ನಾಳೆ ಮಹಡಿ ಹತ್ತುವವನಿಗೆ ತಕ್ಕ ಕೆಲಸವಲ್ಲವೆಂದು ಬಿಟ್ಟ.

ಎದುರುಮನೆಯ ನಿವೃತ್ತ ಎಂಜಿನಿಯರರಿಗೆ ನಿವೃತ್ತಿಯಾದಾಗಿನಿಂದ ಕೈಗೊಂದು ಕೆಲಸವಿರಲಿಲ್ಲ. ಅವರು ಸ್ನಾನದ ನೀರಿನ ಥರ್ಮಾಮೀಟರನ್ನು ಕೋಲಿಗೆ ಕಟ್ಟಿ ಗುಡ್ಡೆಗೆ ಚುಚ್ಚಿದರು.

"ಅರವತ್ತು ಡಿಗ್ರಿ. ಒಳಗೆ ಬೆಂಕಿ ಇದೆ."

"ಇಲ್ಲ ಸಾರ್, ಅದು ಹಾಗೇ ಬಿಸಿಯಾಗುತ್ತಂತೆ" ಎಂದ ಗುಮಾಸ್ತ.

"ಮೂವತ್ತು ವರ್ಷ ಬಾಯ್ಲರ್ ನೋಡಿದೋನು ನಾನು. ನನಗೆ ಹೇಳ್ತೀರಾ?"

ಅಷ್ಟು ಹೊತ್ತಿಗೆ ಅದೇ ಬೀದಿಯ ದರ್ಜಿ ತನ್ನ ಅಂಗಡಿಯ ಕೊಳಾಯಿಗೆ ಪೈಪು ಸಿಕ್ಕಿಸಿ ಆಗಿತ್ತು. ಗುಮಾಸ್ತ ಬೇಡ ಬೇಡವೆಂದು ಅಡ್ಡ ನಿಂತ. ಅವನೂ ನೆಂದ, ಗುಡ್ಡೆಯೂ ನೆಂದಿತು. ಗಂಟೆ ಹತ್ತಾಗುವುದರೊಳಗೆ ಇಡೀ ಬೀದಿ ನಾರತೊಡಗಿತು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು.

"ಗಾಬರಿಯಾಗ್ಬೇಡಿ" ಎಂದರು ಎಂಜಿನಿಯರರು. "ಪುರಸಭೆಗೆ ಆಗ್ಲೇ ಫೋನ್ ಮಾಡಿದ್ದೀನಿ. ಆರೋಗ್ಯಾಧಿಕಾರಿ ನಾಲ್ಕಕ್ಕೆ ಬರ್ತಾರೆ."

ಗುಮಾಸ್ತ ಅವರ ತೋಳು ಹಿಡಿದ. "ಸಾರ್, ಒಂದಿನ ತಡೆದಿದ್ರೆ ಆಗ್ತಿರ್ಲಿಲ್ವಾ?"

"ಬೆಂಕಿ ತಡೆಯುತ್ತೇನ್ರಿ?"

ಹಾಲು ಹಾಕಿ ವಾಪಸು ಬಂದ ಹಾಲಕ್ಕ ಸೈಕಲ್ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಗುಡ್ಡೆಯನ್ನು ಒಂದು ಸುತ್ತು ನೋಡಿದಳು.

"ಇದಕ್ಕೆ ಸ್ನಾನ ಮಾಡ್ಸಿದ ಪುಣ್ಯಾತ್ಮರು ಯಾರು?"

ದರ್ಜಿ ಪೈಪನ್ನು ಬೆನ್ನ ಹಿಂದೆ ಸರಿಸಿದ.

"ಸರಿ. ನಿಂತು ನೋಡಿದ್ರೆ ನಾತ ಹೋಗಲ್ಲ. ಎಲ್ರೂ ಕವೆಗೋಲು ಹಿಡೀರಿ."

ಆಕೆಯ ಮಾತನ್ನು ಮೀರುವ ಎದೆ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಎಂಜಿನಿಯರರು ಒಣಹುಲ್ಲು ಹೊತ್ತರು, ದರ್ಜಿ ಮರದ ಅಡ್ಡೆಯಿಂದ ಗರಗಸದ ಹೊಟ್ಟು ತಂದ, ಗುಮಾಸ್ತ ಮೊಣಕಾಲವರೆಗೆ ಹೂತು ತಿರುವಿದ. ಚರಟ ಒಂದು ಪದರ, ಗೊಬ್ಬರ ಒಂದು ಪದರ, ಹುಲ್ಲು ಒಂದು ಪದರ. ಮಧ್ಯಾಹ್ನ ಮೂರೂವರೆಗೆ ನಾತ ಇಳಿಯಿತು. ಎಂಜಿನಿಯರರು ಅರ್ಧ ಗಂಟೆಗೊಮ್ಮೆ ಉಷ್ಣತೆ ಕೂಗಿ ಹೇಳುತ್ತಾ ಬಹಳ ಸಂತೋಷವಾಗಿದ್ದರು.

ನಾಲ್ಕಕ್ಕೆ ಸರಿಯಾಗಿ ಆರೋಗ್ಯಾಧಿಕಾರಿ ಬಂದರು. ಚರಟ ಕಾರ್ಖಾನೆಯದೆಂದು ಮ್ಯಾನೇಜರನ್ನೂ ಜೊತೆಗೆ ಕರೆತಂದಿದ್ದರು. ಅಧಿಕಾರಿ ಒಂದು ಹಿಡಿ ತೆಗೆದು ಹಿಂಡಿದರು, ಮೂಸಿದರು, ಮುಖ ಗಂಟಿಕ್ಕಿದರು.

"ಯಾರ ಕೆಲಸ ಇದು?"

ಕಿಟಕಿ ಪಕ್ಕದ ಕುರ್ಚಿ ಕಣ್ಣೆದುರೇ ಜಾರಿಹೋಗುತ್ತಿರುವುದು ಗುಮಾಸ್ತನಿಗೆ ಕಂಡಿತು. "ನಂದಲ್ಲ ಸಾರ್" ಎಂದ. "ಎಲ್ಲಾ ಈ ಅಕ್ಕಂದೇ. ಜಾಗ ಇವರ್ದು, ಗೊಬ್ಬರ ಇವರ್ದು, ಉಪಾಯನೂ ಇವರ್ದೇ."

"ಅಲ್ಲಪ್ಪ, ಚರಟ ತಂದೋನು ನೀನಲ್ವಾ?" ಎಂದಳು ಹಾಲಕ್ಕ.

"ತಂದಿದ್ದಷ್ಟೇ. ಆಮೇಲೆ ಇದಕ್ಕೆ ನಾನು ಕೈ ಕೂಡ ಹಾಕಿಲ್ಲ ಸಾರ್. ಬೇಕಾದ್ರೆ ಇವರನ್ನ ಕೇಳಿ."

"ಅದು ನಿಜ" ಎಂದರು ಎಂಜಿನಿಯರರು. "ಇವತ್ತು ಬೆಳಿಗ್ಗೆವರೆಗೂ ಇವರು ಕವೆಗೋಲು ಹಿಡಿದಿದ್ದನ್ನ ನಾನಂತೂ ನೋಡಿಲ್ಲ."

ಅಧಿಕಾರಿ ಕೈ ಕೊಡವಿಕೊಂಡು ಮ್ಯಾನೇಜರ ಕಡೆ ತಿರುಗಿದರು. "ಮೂರು ವರ್ಷದಿಂದ ಇದನ್ನೇ ಮಾಡಿ ಅಂತ ಬಡ್ಕೊಳ್ತಿದ್ದೀನಿ. ಒಂದು ನೊಣ ಇಲ್ಲ ನೋಡಿ. ಇಂಥ ಕೆಲಸ ಬಲ್ಲೋರನ್ನ ಕೊಟ್ಟಿಗೆಯಲ್ಲಿ ಬಿಟ್ಟಿದ್ದೀರಲ್ಲ?"

ಮ್ಯಾನೇಜರು ಹಾಲಕ್ಕನ ಕೈಯನ್ನು, ಅದು ಇದ್ದ ಸ್ಥಿತಿಯಲ್ಲೇ, ಎರಡೂ ಕೈಯಿಂದ ಹಿಡಿದುಕೊಂಡರು. "ಅಮ್ಮಾ, ಗೊಬ್ಬರ ವಿಭಾಗ ಅಂತಲೇ ಶುರು ಮಾಡೋಣ. ನೀವೇ ಮುಖ್ಯಸ್ಥರು. ಮೇಲೆ ಒಂದು ಕುರ್ಚಿ ಖಾಲಿ ಇದೆ."

ಹಾಲಕ್ಕ ಯೋಚಿಸಿದಳು. "ಹಸು ಸೊಸೆ ನೋಡ್ಕೊಳ್ತಾಳೆ. ನನ್ನ ಮಂಡಿಗೂ ಕೂತು ಮಾಡೋ ಕೆಲಸ ಬೇಕಿತ್ತು."

"ಸಾರ್" ಎಂದ ಗುಮಾಸ್ತ. "ನಿಜ ಹೇಳ್ಬೇಕು ಅಂದ್ರೆ ನಾನೂ ಸ್ವಲ್ಪ..."

"ನೀವು ಪ್ರಾಮಾಣಿಕರು" ಎಂದು ಮ್ಯಾನೇಜರು ಅವನ ಬೆನ್ನು ತಟ್ಟಹೋಗಿ, ಅಂಗಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಬೇರೆಯವರಾಗಿದ್ರೆ ಹೆಸರು ತಾವು ಹೊಡ್ಕೋತಿದ್ರು. ಅಮ್ಮಾ, ಕೆಳಗೆ ನಿಮಗೊಬ್ರು ಸಹಾಯಕರು ಬೇಕಲ್ಲ?"

"ಇವನೇ ಇರ್ಲಿ" ಎಂದಳು ಹಾಲಕ್ಕ, ಅವನ ಮೇಲೆ ನಿಜವಾದ ಅಕ್ಕರೆಯಿಂದಲೇ. "ಹೇಳಿಕೊಟ್ರೆ ಕಲೀತಾನೆ."

ಎಲ್ಲರೂ ಅವಳನ್ನು ಮಹಡಿ ತೋರಿಸಲು ಕರೆದುಕೊಂಡು ಹೋದರು. ಗುಮಾಸ್ತ ಕವೆಗೋಲಿಗೆ ಆತುಕೊಂಡು ಒಬ್ಬನೇ ನಿಂತ. ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿ ತೆರೆಯಿತು.

"ಇಲ್ಲಿಂದ ಗುಡ್ಡೆ ಪೂರ್ತಿ ಕಾಣುತ್ತೆ ಕಣಪ್ಪ" ಎಂದು ಹಾಲಕ್ಕ ಕೂಗಿ ಹೇಳಿದಳು. "ಎಡಗಡೆ ನೀನು ತಿರುವೇ ಇಲ್ಲ."