ಬರ್ವೆಯವರ ಹಿತ್ತಿಲ ಬಾಗಿಲು

ಪುಣೆಯ ಸದಾಶಿವ ಪೇಠೆಯಲ್ಲಿ ವಾಮನರಾವ್ ಬರ್ವೆಯವರ ಮನೆಗೆ ಹೋದರೆ ಮೊದಲು ಎದುರಾಗುವುದು ಅವರ ಬೋರ್ಡು: ‘ಬೆಲ್ ಒಂದೇ ಸಲ ಒತ್ತಿ. ಮನೆಯವರಿಗೆ ಕಿವಿ ಇದೆ.’ ಕೆಳಗೆ ಇನ್ನೊಂದು: ‘ಒಂದರಿಂದ ನಾಲ್ಕರವರೆಗೆ ನಿದ್ರೆ. ಆಗ ಕಿವಿಯೂ ಇಲ್ಲ.’ ಬಾಗಿಲಿಗೆ ಮೂರು ಬೀಗ. ಇಂಥ ಜಾಗರೂಕ ಚಕ್ರವರ್ತಿಗೆ ಸ್ವಂತ ಹೆಂಡತಿಯೇ ‘ನಿಮ್ಮ ಸಾಫ್ಟ್‌ವೇರು ತೂತು’ ಎಂದರೆ ಉರಿಯದೆ ಇರುತ್ತದೆಯೆ?

ಆಸ್ಪತ್ರೆಗಳಿಗೆಂದು ಬರ್ವೆಯವರು ಬರೆದ ಆ ಸಾಫ್ಟ್‌ವೇರ್ ಓಡಲು ಅದರಡಿ ತಳಪಾಯದಂತೆ ರನ್‌ಟೈಮ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು. ಗಿರಾಕಿಗೆ ತಾಪತ್ರಯ ಬೇಡವೆಂದು ಅದನ್ನೂ ಜೊತೆಗೇ ಕಟ್ಟಿಕೊಡುತ್ತಿದ್ದರು. ಕಟ್ಟಿದ್ದು ಹನ್ನೊಂದು ವರ್ಷ ಹಳೆಯದು. (ಹಳತಾದಷ್ಟೂ ರುಚಿ ಎಂಬ ಉಪ್ಪಿನಕಾಯಿಯ ಸಿದ್ಧಾಂತವನ್ನು ಅವರು ವಿಜ್ಞಾನಕ್ಕೂ ವಿಸ್ತರಿಸಿದ್ದರು.)

ಹೆಂಡತಿ ವೃಂದಾ ಬ್ಯಾಂಕೊಂದರ ಕಂಪ್ಯೂಟರ್‌ಗಳನ್ನು ಕಳ್ಳರಿಂದ ಕಾಯುವವಳು. ಆ ಹಳೆಯದರ ತೂತುಗಳು ಊರಿಗೆಲ್ಲ ಗೊತ್ತು, ಆಸ್ಪತ್ರೆಯವರು ತಮ್ಮ ಕಂಪ್ಯೂಟರಿನ ರನ್‌ಟೈಮನ್ನು ಎಷ್ಟು ಹೊಸದು ಮಾಡಿಕೊಂಡರೂ ನಿಮ್ಮ ಸಾಫ್ಟ್‌ವೇರು ಜೊತೆಗೆ ತಂದ ಹಳೆಯದನ್ನೇ ತಬ್ಬಿಕೊಂಡಿರುತ್ತದೆ ಎಂದು ಆರು ತಿಂಗಳಿಂದ ಹೇಳುತ್ತಿದ್ದಳು. ಓಡುವ ಗಾಡಿಯನ್ನು ಬಿಚ್ಚಿ ಹರಡುವವನು ಮೂರ್ಖ ಎಂದು ಇವರ ಉತ್ತರ.

ಭಾನುವಾರ ಡಾ. ಮಾಲತಿ ಪರಾಂಜಪೆಯವರ ಆಸ್ಪತ್ರೆಯಲ್ಲಿ ಸಾಫ್ಟ್‌ವೇರಿನ ಪ್ರದರ್ಶನ. ಎರಡು ವರ್ಷ ಅಲೆದ ಮೇಲೆ ಬಂದ ಕರೆ ಅದು. ತಪ್ಪಿದರೆ ಅಂಗಡಿ ಮುಚ್ಚುವುದೇ. ಶನಿವಾರ ಶ್ರೀಖಂಡ ತಿಂದ ಧೈರ್ಯದಲ್ಲಿ ಬರ್ವೆಯವರು ಲ್ಯಾಪ್‌ಟಾಪನ್ನು ಹೆಂಡತಿಯ ಮುಂದೆ ತಳ್ಳಿದರು.

“ತೂತಿದ್ರೆ ನುಗ್ಗಿ ತೋರ್ಸು. ನಾನು ಮಲಗೆದ್ದು ಬರೋದ್ರೊಳಗೆ. ಪಾಸ್‌ವರ್ಡ್ ಮಾತ್ರ ಹೇಳಲ್ಲ.”

“ಬೇಡ ಬಿಡಿ, ಬೇಕಾಗಲ್ಲ,” ಎಂದಳು ವೃಂದಾ.

ನಾಲ್ಕಕ್ಕೆ ಎದ್ದಾಗ ಅವಳು ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದಳು. ಸೋತಿದ್ದಾಳೆ, ಪಾಪ ಎಂದುಕೊಂಡರು. ಒಮ್ಮೆ ತೆರೆದು ನೋಡಿ ಎಂದು ಅವಳು ಎರಡು ಸಲ ಹೇಳಿದರೂ, ಸೋತವರನ್ನು ನೋಯಿಸಬಾರದೆಂಬ ಔದಾರ್ಯದಿಂದ ಕೇಳಿಸಿಕೊಳ್ಳಲಿಲ್ಲ. ನೆರೆಮನೆಗೆಲ್ಲ ವಿಜಯದ ಪೇಢೆ ಹಂಚಿದರು.

ಭಾನುವಾರ ಡಾಕ್ಟರು, ದಾದಿಯರು, ಕಾಂಪೌಂಡರು ಎಲ್ಲರೆದುರು ಬರ್ವೆಯವರು ಸಾಫ್ಟ್‌ವೇರ್ ತೆರೆದರು. ರೋಗಿಗಳ ಪಟ್ಟಿ ಇರಬೇಕಾದಲ್ಲಿ ಒಂದು ಬೋರ್ಡು ಮೂಡಿತು:

‘ಮುಂದೆ ಮೂರು ಬೀಗ. ಹಿತ್ತಿಲ ಬಾಗಿಲು ಹನ್ನೊಂದು ವರ್ಷದಿಂದ ತೆರೆದಿದೆ. ಬಂದವರು ಹೋಗುವಾಗ ದೀಪ ಆರಿಸಿ.’

ಬರೆದವರು ಯಾರೆಂದು ಡಾಕ್ಟರು ಕೇಳಿದರು. ನಮ್ಮ ಮನೆಯವರು ಎಂದರು ಬರ್ವೆ. ಹೇಗೆ ನುಗ್ಗಿದರೆಂದು ಕೇಳಿದಾಗ ರನ್‌ಟೈಮಿನ ಪುರಾಣವನ್ನೂ ಒಪ್ಪಿಸಬೇಕಾಯಿತು.

“ಅಂದ್ರೆ ಹಳೇ ಸೂಜೀನ ಹೊಸ ಪೊಟ್ಟಣದಲ್ಲಿ ಹಾಕಿ ತಂದಿದ್ರಿ,” ಎಂದರು ಡಾಕ್ಟರು. ಆಮೇಲೆ ಬೋರ್ಡನ್ನು ಇನ್ನೊಮ್ಮೆ ಓದಿ ನಕ್ಕರು. “ಹೊಸದು ಹಾಕಿ, ನಿಮ್ಮನೆಯವರ ಕೈಲಿ ಪರೀಕ್ಷೆ ಮಾಡ್ಸಿ, ಅವರ ಸಹಿ ತನ್ನಿ. ಕೆಲಸ ನಿಮ್ಗೇ.”

ಖುಷಿಗೆ ಬರ್ವೆಯವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಯಲ್ಲೇ ಫೋನ್ ಮಾಡಿ, ನಾವು ಗೆದ್ದೆವು ಎಂದು ‘ನಾವು’ ಒತ್ತಿ ಹೇಳಿದರು. ಮನೆ ಮುಟ್ಟಿದಾಗ ಗಂಟೆ ಒಂದೂ ಐದು. ಮೂರು ಬೀಗಗಳ ಕೀಲಿಯೂ ಜೇಬಿನಲ್ಲಿತ್ತು. ಆದರೆ ಒಳಗಿನಿಂದ ಚಿಲಕ ಬಿದ್ದಿತ್ತು. ಅವರ ಎರಡು ಬೋರ್ಡುಗಳ ಕೆಳಗೆ ಮೂರನೆಯದೊಂದು ತೂಗುತ್ತಿತ್ತು:

‘ಸಹಿ ಬೇಕಾದವರು ನಾಲ್ಕರ ನಂತರ ಬನ್ನಿ. ಹಳೆಯ ಸಾಮಾನು ತಂದವರು ಬರಲೇಬೇಡಿ.’

ಬರ್ವೆಯವರು ಅದನ್ನು ಮೂರು ಸಲ ಓದಿದರು. ತಮ್ಮ ಎರಡಕ್ಕಿಂತ ಇದೇ ಚೆನ್ನಾಗಿದೆ ಎಂದು ಒಪ್ಪಿಕೊಂಡು, ಮೆಟ್ಟಿಲ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದು, ಹನ್ನೊಂದು ವರ್ಷದ ಉಪ್ಪಿನಕಾಯಿಯನ್ನು ಚೆಲ್ಲತೊಡಗಿದರು.